ಟ್ರಾಕ್ಟರಿಗೆ ಹೆಚ್ಚುವರಿ ದೀಪಗಳ ಸ್ವಿಚ್ಚು ಹಲಗೆಯನ್ನು ಅಳವಡಿಸುವ ಕ್ರಮ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೋಕುಗಳಲ್ಲಿ ರಾಗಿಯ ಕುಯ್ಲು ಮುಗಿದು ಕಣದ ಕೆಲಸವು ಮೊದಲಾಗುವ ಕಾಲಕ್ಕೆ ಹಗಲು ಕಿರಿದಾಗಿರುವುದು. ಮೋಡ ಕವಿದರಂತೂ, ತೆನೆಯನ್ನು ಹರಡಿ ಟ್ರಾಕ್ಟರು ಹರಿಸಿ ಕಾಳು ಬಿಡಿಸುವ ಕೆಲಸವನ್ನು ರಾತ್ರಿಯಲ್ಲಿಯೇ ಪೂರೈಸಬೇಕಾಗುವುದು. ಇದಕ್ಕಾಗಿ ಜಮೀನುದಾರರು ಟ್ರಾಕ್ಟರಿಗೆ ಹೆಚ್ಚು ದೀಪಗಳನ್ನು ಹಾಕಿಸುವುದುಂಟು. ಇದು ಯುಕ್ತವೇ ಸರಿ. ಆದರೆ ಬ್ಯಾಟರಿಯಿಂದ ತೆಳುವಾದ ತಂತಿಯನ್ನು ನೇರವಾಗಿ ಎಳೆದು, ಫ್ಯೂಸಿಲ್ಲದೆ ಸ್ವಿಚ್ಚಿಗೆ ಕಟ್ಟುವ ಪದ್ಧತಿಯು ಒಣಹುಲ್ಲಿನ ನಡುವೆ ಕೊಳ್ಳಿಯನ್ನು ಇಟ್ಟಂತೆಯೇ ಆಗುವುದು.

ಮೊದಲು ಲೆಕ್ಕವನ್ನು ನೋಡತಕ್ಕದ್ದು. ಟ್ರಾಕ್ಟರಿನ ಬ್ಯಾಟರಿಯು ಸಾಮಾನ್ಯವಾಗಿ 12 ವೋಲ್ಟಿನದು. 55 ವಾಟಿನ ಎರಡು ಹ್ಯಾಲೊಜೆನ್ ದೀಪಗಳು ಕೂಡಿ ಸುಮಾರು 9 ಆಂಪಿಯರ್ ವಿದ್ಯುತ್ತನ್ನು ಎಳೆಯುವುವು. ಇದಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯೂ 15 ಆಂಪಿಯರಿನ ಫ್ಯೂಸೂ ತಕ್ಕವು. ಹಣವುಳಿಸುವ ಆಸೆಯಿಂದ 0.75 ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ, 4 ಮೀಟರಿನ ಉದ್ದದಲ್ಲಿಯೇ ಹತ್ತಿರ ಹತ್ತಿರ 1 ವೋಲ್ಟು ನಷ್ಟವಾಗಿ ಬೆಳಕು ಸುಮಾರು ಕಾಲುಭಾಗ ಕುಂದುವುದು. ಉಳಿದ ಹಣಕ್ಕೆ ದೊರೆಯುವ ಪ್ರತಿಫಲವಿದು!

ಫ್ಯೂಸು ಇರುವುದು ತಂತಿಯ ರಕ್ಷಣೆಗಾಗಿ ಎಂಬುದನ್ನು ಅನೇಕರು ಮರೆಯುತ್ತಾರೆ. ದೀಪದ ಬಳಿಯಲ್ಲಿ ಫ್ಯೂಸನ್ನಿಟ್ಟರೆ, ಬ್ಯಾಟರಿಯಿಂದ ಅಲ್ಲಿಯವರೆಗಿನ ತಂತಿಗೆ ಕಾವಲೇ ಇಲ್ಲ. ಎಂಜಿನಿನ ಅದುರಿಗೆ ಆ ತಂತಿಯು ತಗಡಿಗೆ ಉಜ್ಜಿ ಹೊದಿಕೆ ಹರಿದರೆ ನೂರಾರು ಆಂಪಿಯರ್ ಹರಿದು, ತಂತಿಯು ಕ್ಷಣಮಾತ್ರದಲ್ಲಿ ಕೆಂಪಗೆ ಕಾಯುವುದು. ಆದಕಾರಣ ಬ್ಯಾಟರಿಯ ಧನಧ್ರುವದಿಂದ ಒಂದು ಗೇಣಿನೊಳಗೇ ಫ್ಯೂಸನ್ನು ಇಡತಕ್ಕದ್ದು. ಅದು ಸುಟ್ಟಾಗ ಸಿಗರೇಟಿನ ಬೆಳ್ಳಿಕಾಗದವನ್ನು ಸುತ್ತುವ ಚಾಲಕರೂ ಇದ್ದಾರೆ. ಅಂಥವರ ಕೈಗೆ ಎರಡು ಫ್ಯೂಸುಗಳನ್ನು ಹೆಚ್ಚಾಗಿ ಕೊಟ್ಟಿರುವುದು ಮೇಲು.

ಕೆಲಸಕ್ಕೆ ಮುಂಚೆ ಬ್ಯಾಟರಿಯ ಋಣಧ್ರುವದ ತಂತಿಯನ್ನು ಬಿಚ್ಚಬೇಕು. ಕಡೆಯಲ್ಲಿ ಅದನ್ನೇ ಕೂಡಿಸಬೇಕು. ಹಲಗೆಯನ್ನು ಚಾಲಕನ ಕೈಗೆಟುಕುವ, ಮಳೆಯೂ ಧೂಳೂ ಕಡಮೆ ಬೀಳುವ ಕಡೆ ತುಸು ಕೆಳಮುಖವಾಗಿ ಕೂರಿಸತಕ್ಕದ್ದು. ತಗಡಿನಲ್ಲಿ ತಂತಿ ಹಾಯುವ ಪ್ರತಿಯೊಂದು ರಂಧ್ರಕ್ಕೂ ರಬ್ಬರಿನ ಬಳೆ ಅವಶ್ಯ. ಸೈಲೆನ್ಸರು, ಫ್ಯಾನ್ ಬೆಲ್ಟುಗಳಿಂದ ತಂತಿಯನ್ನು ದೂರವಿಡಬೇಕು.

ದೀಪದ ಹೊರೆಯೆಲ್ಲವನ್ನೂ ಸಣ್ಣ ಸ್ವಿಚ್ಚಿನ ಮೇಲೆ ಹೊರಿಸದೆ ನಡುವೆ ರಿಲೇ ಒಂದನ್ನು ಇಡುವುದು ಉತ್ತಮ. ರಿಲೇಯ ಕಾಲುಗಳ ಮೇಲೆ ಅಂಕಿಗಳಿರುತ್ತವೆ: 30ಕ್ಕೆ ಫ್ಯೂಸಿನಿಂದ ಬಂದ ತಂತಿ, 87ರಿಂದ ದೀಪಕ್ಕೆ, 86ಕ್ಕೆ ಸ್ವಿಚ್ಚಿನಿಂದ, 85ರಿಂದ ಟ್ರಾಕ್ಟರಿನ ಮೈಗೆ. ಸ್ವಿಚ್ಚಿಗೆ ಬರುವ ವಿದ್ಯುತ್ತನ್ನು, ಬೀಗದ ಕೈ ತಿರುಗಿಸಿದಾಗ ಮಾತ್ರ ಜೀವ ಬರುವ ತಂತಿಯಿಂದ, ಅದಕ್ಕೂ ಪ್ರತ್ಯೇಕವಾದ ಚಿಕ್ಕ ಫ್ಯೂಸಿನ ಮೂಲಕ, ತೆಗೆದುಕೊಳ್ಳತಕ್ಕದ್ದು. ಇಲ್ಲವಾದರೆ ಮರೆತು ಉರಿಯಬಿಟ್ಟ ಎರಡು ದೀಪಗಳು 75 ಆಂಪಿಯರ್-ಗಂಟೆಯ ಬ್ಯಾಟರಿಯನ್ನು 8 ಗಂಟೆಗಳಲ್ಲಿ ಬರಿದುಮಾಡುವುವು; ಬೆಳಗ್ಗೆ ಆಳುಗಳು ಬಂದು ನಿಂತಿರುವಾಗ ಎಂಜಿನು ಹೊರಡದು. ಮೈಗೆ ಕೂಡಿಸುವ ಕಡೆ ಬಣ್ಣವನ್ನೂ ತುಕ್ಕನ್ನೂ ಕೆರೆದು ಲೋಹವನ್ನು ಹೊಳೆಯಿಸಿ ತಿರುಪು ಬಿಗಿಯಬೇಕು. ಮಿಣುಕುವ ದೀಪದ ದೋಷವು ಬಹುಮಟ್ಟಿಗೆ ಇಲ್ಲಿಯೇ ಇರುವುದು.

ಹಿಂಬದಿಯ ಬಿಳಿಯ ದೀಪವು ಕಣಕ್ಕೂ ಹೊಲಕ್ಕೂ ಮಾತ್ರ. ವಾಹನದ ಹಿಂದಕ್ಕೆ ಕೆಂಪಲ್ಲದ ಬೆಳಕನ್ನು ತೋರಬಾರದೆಂದು, ಹಿಂದೆ ಸರಿಯುವ ದೀಪವೇ ಮೊದಲಾದ ಕೆಲವನ್ನು ಬಿಟ್ಟು, 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಹೊಸಕೋಟೆಯ ಹೆದ್ದಾರಿಯಲ್ಲಿ ಹಿಂದಿನಿಂದ ವೇಗವಾಗಿ ಬರುವ ಲಾರಿಯವನಿಗೆ ಆ ಬಿಳಿಯ ಬೆಳಕು ಕಣ್ಣು ಕೋರೈಸುವುದಲ್ಲದೆ, ಎದುರು ಬರುವ ವಾಹನವೆಂಬ ಭ್ರಾಂತಿಯನ್ನೂ ಹುಟ್ಟಿಸುವುದು. ಆದ್ದರಿಂದ ಅದರ ಸ್ವಿಚ್ಚನ್ನು ಬೇರೆಯಾಗಿಯೇ ಇಟ್ಟು, ಟ್ರೇಲರಿನ ಕೆಂಪು ದೀಪಗಳನ್ನು ಟ್ರಾಕ್ಟರಿನ ಮೂಲ ದೀಪಗಳೊಡನೆಯೇ ಹೊತ್ತುವಂತೆ ಕೂಡಿಸತಕ್ಕದ್ದು.

ಎಲ್ಲವೂ ಮುಗಿದ ಮೇಲೆ ಎಂಜಿನನ್ನು ನಡೆಯಿಸಿ ದೀಪಗಳನ್ನು ಅರ್ಧ ಗಂಟೆ ಉರಿಸಿ, ತಂತಿಯನ್ನೂ ಫ್ಯೂಸಿನ ಮನೆಯನ್ನೂ ಕೈಯಿಂದ ಮುಟ್ಟಿ ನೋಡಬೇಕು. ಎಲ್ಲಿಯಾದರೂ ಬಿಸಿ ತಗುಲಿದರೆ ಅಲ್ಲಿಯ ಕೂಡಿಕೆಯು ಸಡಿಲವಾಗಿದೆ, ಇಲ್ಲವೆ ತಂತಿಯು ತೆಳುವಾಗಿದೆ ಎಂದು ತಿಳಿದು, ಟ್ರಾಕ್ಟರನ್ನು ಕಣಕ್ಕೆ ಇಳಿಸುವ ಮುನ್ನವೇ ಸರಿಪಡಿಸತಕ್ಕದ್ದು.