ಹಳೇ ಅಂಬಾಸಡರ್ ಕೊಳ್ಳಬಹುದೇ?

ಕೊಳ್ಳಬಹುದು, ಆದರೆ ಬಣ್ಣದ ಹೊಳಪು ನೋಡಿ ಮುಂಗಡ ಕೊಟ್ಟುಬಿಡಬೇಡಿ. 1972ರ ಮಾರ್ಕ್ 2 ಅಂದಿರಿ. ಅದರ 1489 ಸಿಸಿ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಹಳೇ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ನನ್ನ ಚಿಂತೆಯೆಲ್ಲ ಬಾಡಿಯದು. ಈ ಗಾಡಿಗೆ ಬೇರೆ ಫ್ರೇಮ್ ಇಲ್ಲ, ಭಾರವನ್ನೆಲ್ಲ ಬಾಡಿಯೇ ಹೊರಬೇಕು. ಮ್ಯಾಟ್ ಎತ್ತಿ ತಳದ ತಗಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಾಗಿಲ ಕೆಳಗಿನ ಪಟ್ಟಿಗೆ ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಅಲ್ಲಿ ತುಕ್ಕಿನ ಮೇಲೆ ಪುಟ್ಟಿ ಮೆತ್ತಿದ್ದಾರೆ ಎಂದೇ ತಿಳಿಯಿರಿ.

ಆರ್‌ಸಿಯಲ್ಲಿರುವ ಎಂಜಿನ್, ಚಾಸಿಸ್ ನಂಬರುಗಳು ಗಾಡಿಯಲ್ಲಿರುವುದಕ್ಕೆ ತಾಳೆಯಾಗಬೇಕು. 50 ವರ್ಷ ದಾಟಿರುವುದರಿಂದ, ಮೂಲರೂಪ ಉಳಿದಿದ್ದರೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಆಮೇಲೆ ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ. ಮನೆಮಂದಿಯೆಲ್ಲ ಓಡಾಡಲಿಕ್ಕೇ ಬೇಕಿದ್ದರೆ ಸಾಮಾನ್ಯ ನೋಂದಣಿಯೇ ಇರಲಿ. ಅದು ನವೀಕರಣವಾಗಿದೆಯೇ ಎಂದು ಮೊದಲು ವಿಚಾರಿಸಿ. ತಗಡು ಗಟ್ಟಿಯಿದ್ದು ಕಾಗದಪತ್ರ ಸರಿಯಿದ್ದರೆ ಈ ಗಾಡಿಯನ್ನು ಬಿಡಬೇಡಿ.