ರೋಬಾಟ್ ಪಂದ್ಯಗಳಲ್ಲಿ ಸರಳ ರಚನೆಯ ಬೆಲೆ

ಹೊಲಿಗೆ, ಸಂಗೀತ, ಭಾಷಣ ಮೊದಲಾದ ಪಂದ್ಯಗಳಿಗೆ ಬಾಲಿಕೆಯರು ಹೋಗಿಬರುತ್ತಿದ್ದ ಕಾಲವನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಈಚೆಗೆ ಆ ಸಾಲಿಗೆ ರೋಬಾಟ್ ಪಂದ್ಯವೆಂಬ ಹೊಸದೊಂದು ಸೇರಿರುತ್ತದೆ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳ ಯೋಜನೆಯಿಂದ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿಗಳವರೆಗೆ ಸಹಾಯಧನವು ದೊರೆಯತೊಡಗಿದ ಮೇಲೆ, 6ನೆಯ ತರಗತಿಯ ಮಕ್ಕಳ ಕೈಗೂ ಮೋಟಾರುಗಳು, ಸೆನ್ಸರುಗಳು ಬಂದಿವೆ. ಪಂದ್ಯದ ದಿನವು ಹತ್ತಿರವಾಯಿತೆಂದರೆ ತಾಯಿತಂದೆಗಳು ಚಿಂತಾಕ್ರಾಂತರಾಗಿ, “ಇನ್ನೂ ದೊಡ್ಡ ಯಂತ್ರವನ್ನು, ಇನ್ನೂ ಹೆಚ್ಚು ಬೆಲೆಯ ಸಾಮಾನನ್ನು ಕೊಡಿಸಬೇಕೋ?” ಎಂದು ಕೇಳುವುದುಂಟು. ಬೇಡವೆಂಬುದೇ ನನ್ನ ಉತ್ತರ. ಕಾರಣವನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಮೊದಲು ಪಂದ್ಯದ ರೀತಿಯನ್ನು ತಿಳಿಯೋಣ. ಫಸ್ಟ್ ಲೆಗೋ ಲೀಗ್ ಎಂಬ ಪಂದ್ಯದಲ್ಲಿ ಒಂದು ಸುತ್ತಿಗೆ ಎರಡೂವರೆ ನಿಮಿಷ ಮಾತ್ರ ಅವಕಾಶ. ಯಂತ್ರಕ್ಕೆ ನಾಲ್ಕಕ್ಕಿಂತ ಹೆಚ್ಚು ಮೋಟಾರುಗಳು ಸಲ್ಲವು. ಮೇಜಿನ ಮೇಲೆ ಹಾಸಿದ ಪಟದಲ್ಲಿ ಅದು ತಾನೇ ಚಲಿಸಿ, ವಸ್ತುಗಳನ್ನು ನೂಕಿ, ಎತ್ತಿ, ತಂದಿಡಬೇಕು. ವರ್ಲ್ಡ್ ರೋಬಾಟ್ ಒಲಿಂಪಿಯಾಡ್ ಎಂಬ ಇನ್ನೊಂದು ಪಂದ್ಯದಲ್ಲಿ ಬಹುಕಾಲ ಯಂತ್ರವನ್ನು ಬಿಡಿಬಿಡಿಯಾಗಿ ತಂದು, ಅಲ್ಲಿಯೇ ಜೋಡಿಸಬೇಕೆಂಬ ನಿಯಮವಿತ್ತು. ಅದಲ್ಲದೆ, ಆ ದಿನ ಬೆಳಿಗ್ಗೆಯೇ ಯಾರೂ ಊಹಿಸದ ಹೊಸ ನಿಯಮವೊಂದನ್ನು ಸಾರುವರು. ನೂರು ಅಂಗಗಳುಳ್ಳ ಯಂತ್ರವನ್ನು ತಂದವರು ಆ ಗಳಿಗೆಯಲ್ಲಿ ಏನು ಮಾಡಿಯಾರು?

ಇಲ್ಲಿ ಒಂದು ಚಿಕ್ಕ ಲೆಕ್ಕವನ್ನು ಗಮನಿಸಬೇಕು. ಯಂತ್ರದ ಒಂದೊಂದು ಕೀಲೂ 100 ಸಲಕ್ಕೆ 95 ಸಲ ಸರಿಯಾಗಿ ನಡೆಯುವುದೆಂದು ಇಟ್ಟುಕೊಳ್ಳೋಣ. ಇದು ಕೇಳುವುದಕ್ಕೆ ಸಮಾಧಾನಕರವಾದ ಸಂಖ್ಯೆಯೇ. ಆದರೆ ಕೆಲಸವು ನೆರವೇರಬೇಕಾದರೆ ಎಲ್ಲ ಕೀಲುಗಳೂ ಒಟ್ಟಿಗೆ ನಡೆಯತಕ್ಕದ್ದಷ್ಟೆ. ಆಗ 5 ಕೀಲುಗಳ ಯಂತ್ರವು 100ರಲ್ಲಿ ಸುಮಾರು 77 ಸಲ ಗೆಲ್ಲುವುದು. 10 ಕೀಲುಗಳದು 60 ಸಲ. 20 ಕೀಲುಗಳದು 36 ಸಲ ಮಾತ್ರ. ಹೆಚ್ಚು ಬೆಲೆಯ ಯಂತ್ರವು ಮನೆಯಲ್ಲಿ ಕುಣಿದು, ಸಭೆಯಲ್ಲಿ ಮೂಕವಾಗುವುದರ ಗುಟ್ಟು ಬಹುಮಟ್ಟಿಗೆ ಇದೇ. ಹುಡುಗಿಯರ ಅದೃಷ್ಟವನ್ನು ಹಳಿಯುವುದು ಅನ್ಯಾಯ.

ಹಾಗಾದರೆ ಸರಳ ರಚನೆಯೆಂದರೇನು? ಚೆಂಡುಗಳನ್ನು ಒಟ್ಟುಮಾಡಬೇಕಾದಲ್ಲಿ ಎರಡು ಮೋಟಾರುಗಳ ಕೈಬೆರಳುಗಳನ್ನು ಮಾಡುವುದಕ್ಕೆ ಬದಲಾಗಿ, ಮೊರದ ಬಾಯಿಯಂತಹ ಒಂದು ತಗಡನ್ನು ಮುಂದೆ ಕಟ್ಟಿ, ಒಳಗಡೆಗೆ ಮಾತ್ರ ತೆರೆಯುವ ಪುಟ್ಟ ಬಾಗಿಲನ್ನು ಇಟ್ಟರೆ ಸಾಕು. ಯಂತ್ರವು ಮುಂದೆ ನಡೆದಂತೆ ಚೆಂಡು ಒಳಗೆ ಹೋಗುವುದು, ಹೊರಗೆ ಬಾರದು. ಆ ಬಾಗಿಲಿಗೆ ಮೋಟಾರೂ ಬೇಡ, ಆಜ್ಞೆಯೂ ಬೇಡ. ಯಂತ್ರವು ಓರೆಯಾಗಿ ನಿಂತಿದೆಯೇ? ಅದನ್ನು ಹಿಂದಕ್ಕೆ ನಡೆಸಿ, ಮೇಜಿನ ಅಂಚಿನ ಗೋಡೆಗೆ ಬೆನ್ನು ತಾಗಿಸಿದರೆ ತಾನಾಗಿ ನೇರವಾಗುವುದು. “ಮೂರು ಸೆಕೆಂಡು ನಡೆ” ಎಂದು ಆಜ್ಞಾಪಿಸುವುದಕ್ಕಿಂತ “ಚಕ್ರವು ನಾಲ್ಕು ಸುತ್ತು ತಿರುಗಲಿ” ಎನ್ನುವುದು ಮೇಲು. ಯಾಕಂದರೆ ಬ್ಯಾಟರಿಯ ಬಲವು ಕುಗ್ಗಿದಾಗ ಮೂರು ಸೆಕೆಂಡಿನ ದಾರಿ ಕಿರಿದಾಗುವುದು, ನಾಲ್ಕು ಸುತ್ತಿನ ದಾರಿಯಾದರೋ ಹೆಚ್ಚುಕಡಿಮೆ ಅಷ್ಟೇ ಇರುವುದು.

ದೊಡ್ಡ ಕೆಲಸವನ್ನು ಬಿಡಿ ತುಂಡುಗಳಾಗಿ ಒಡೆದು, ಒಂದೊಂದನ್ನೂ ಸರಿಯಾಯಿತೆಂದು ನೋಡಿ ಮುಂದುವರಿಯುವುದೂ ಸರಳ ರಚನೆಯ ಭಾಗವೇ. ಇದರ ನಿದರ್ಶನಕ್ಕಾಗಿ ನಮ್ಮ ಸೀಮೆಯವರು ದೂರ ಹೋಗಬೇಕಾದುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಟಿ.ಬಿ. ಡ್ಯಾಮಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು, ಸರಪಳಿಯು ತುಂಡಾಗಿ, ಕೊಚ್ಚಿಹೋಯಿತಷ್ಟೆ. 60 ಅಡಿ ಅಗಲ, 20 ಅಡಿ ಎತ್ತರದ ಇಡೀ ಬಾಗಿಲನ್ನು ಹರಿಯುವ ನೀರಿನಲ್ಲಿ ಮತ್ತೆ ನಿಲ್ಲಿಸುವ ಗೋಜಿಗೆ ಹೋಗದೆ, ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್ ಲಾಗ್ ಎಂಬ ಉಕ್ಕಿನ ಅಡ್ಡಹಲಗೆಗಳನ್ನು ಹೊಸಪೇಟೆಯ ಸುತ್ತಲಿನ ಕಾರ್ಖಾನೆಗಳಲ್ಲಿ ಮಾಡಿಸಿ, ಕ್ರೇನಿನಿಂದ ಒಂದರ ಮೇಲೊಂದಾಗಿ ಇಳಿಸಿದರು. ಒಂದು ವಾರದಲ್ಲಿ ನೀರು ನಿಂತಿತು; ರೈತರ ಬೆಳೆಗೆ ನೀರು ಉಳಿಯಿತು. ಈ ಉಪಾಯವು ಸರಳ. ಕೆಲಸವು ಸುಲಭವಾಗಿತ್ತೆಂದು ಮಾತ್ರ ಯಾರೂ ತಿಳಿಯಬಾರದು. ತುಂಡಾದ ಸರಪಳಿಯು ಕಲಿಸುವ ಪಾಠವೂ ಒಂದುಂಟು. ಎಲ್ಲ ಭಾರವೂ ಒಂದೇ ಕೊಂಡಿಯಲ್ಲಿ ತೂಗುವುದಾದರೆ ಆ ಕೊಂಡಿಯನ್ನು ಪದೇ ಪದೇ ಪರೀಕ್ಷಿಸಬೇಕು, ಬದಲಿಯನ್ನೂ ಕೈಯಲ್ಲಿಟ್ಟಿರಬೇಕು.

ಇಷ್ಟಾದರೂ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವ ಕಾರಣವು ಬೇರೆ. ಜಟಿಲವಾದ ಯಂತ್ರಕ್ಕೆ ಒಬ್ಬಳೇ ಒಡತಿ. ಅವಳು ಬಲ್ಲಳು, ಉಳಿದವರು ಸುತ್ತಲೂ ನಿಂತು ನೋಡುವರು. ಹುಡುಗರೊಡನೆ ಕೂಡಿದ ತಂಡದಲ್ಲಂತೂ ಹುಡುಗಿಯರ ಪಾಲಿಗೆ ಚಿತ್ರಪಟ ಬರೆಯುವ ಕೆಲಸವೇ ಗತಿಯಾಗುವುದುಂಟು. ಯಂತ್ರವು ಸರಳವಾಗಿದ್ದರೆ ಐವರೂ ಅದನ್ನು ಬಿಚ್ಚಬಲ್ಲರು, ಕಟ್ಟಬಲ್ಲರು. ತೀರ್ಪುಗಾರರು ಯಾರನ್ನು ಕೇಳಿದರೂ ಉತ್ತರ ಹೇಳಬಲ್ಲರು. ಅಂಗಡಿಯವರೋ ತಂದೆಯವರೋ ಕಟ್ಟಿಕೊಟ್ಟ ಯಂತ್ರವು ಇಂಥ ಎರಡು ಪ್ರಶ್ನೆಗಳಲ್ಲಿಯೇ ಬಯಲಾಗುವುದು.

2017ರ ಜುಲೈ ತಿಂಗಳಲ್ಲಿ ವಾಷಿಂಗ್ಟನ್ ನಗರದಲ್ಲಿ ನಡೆದ ಫಸ್ಟ್ ಗ್ಲೋಬಲ್ ಪಂದ್ಯವನ್ನು ಇಲ್ಲಿ ನೆನೆಯಬಹುದು. ಎಲ್ಲ ದೇಶಗಳವರಿಗೂ ಒಂದೇ ಬಗೆಯ ಸಾಮಾನಿನ ಪೆಟ್ಟಿಗೆ. ಶುದ್ಧ ಜಲವನ್ನೂ ಕಲ್ಮಷವನ್ನೂ ಸೂಚಿಸುವ ನೀಲಿ, ಕಿತ್ತಳೆ ಬಣ್ಣದ ಚೆಂಡುಗಳನ್ನು ಬೇರ್ಪಡಿಸುವುದು ಕೆಲಸ. ಅಫಘಾನಿಸ್ಥಾನದ ಹೆರಾತ್ ನಗರದ ಆರು ಬಾಲಿಕೆಯರಿಗೆ ವೀಸಾವು ಎರಡು ಸಲ ನಿರಾಕರಿಸಲ್ಪಟ್ಟಿತ್ತು; ಅವರ ಸಾಮಾನು ಸುಂಕದ ಕಟ್ಟೆಯಲ್ಲಿ ತಡೆಯಲ್ಪಟ್ಟು ತಡವಾಗಿ ಕೈಸೇರಿತ್ತು. ಆದರೂ ಅವರು ತಮ್ಮ ಯಂತ್ರದೊಡನೆ ಬಂದು ಪಂದ್ಯವಾಡಿ, ಧೈರ್ಯಕ್ಕಾಗಿ ಕೊಡುವ ಬೆಳ್ಳಿಯ ಪದಕವನ್ನು ಪಡೆದರು.

ಸರಳತೆಗೂ ಮಿತಿಯುಂಟು. ಚೆಂಡನ್ನು ಎತ್ತರದ ಬುಟ್ಟಿಗೆ ಹಾಕಬೇಕಾದಲ್ಲಿ ಬರಿಯ ಮೊರವು ಸಾಲದು. ಎತ್ತುವ ತೋಳು ಬೇಕೇ ಬೇಕು. ಆಗಲೂ ಹತ್ತು ಕೆಲಸಗಳನ್ನು ಸಂದೇಹದಿಂದ ಮಾಡುವುದಕ್ಕಿಂತ ಮೂರನ್ನು ನಿಶ್ಚಯವಾಗಿ ಮಾಡುವಂತೆ ಯೋಜಿಸಬೇಕು. ಪಂದ್ಯಕ್ಕೆ ಮುಂಚೆ ತಾಯಿತಂದೆಗಳು ಮನೆಯಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಬಹುದು. ತಂಡದಲ್ಲಿ ಎಲ್ಲರಿಗಿಂತ ಸಂಕೋಚದ ಹುಡುಗಿಯನ್ನು ಕರೆದು, ಯಂತ್ರವನ್ನು ಪೂರ್ತಿಯಾಗಿ ಬಿಚ್ಚಿ, ಯಾರ ಸಹಾಯವೂ ಇಲ್ಲದೆ ಮತ್ತೆ ಜೋಡಿಸುವಂತೆ ಹೇಳಿರಿ. ಅವಳು ಎಲ್ಲಿ ನಿಂತುಬಿಡುವಳೋ ಆ ಭಾಗವನ್ನು ಮರುದಿನ ಎಲ್ಲರೂ ಸೇರಿ ತೆಗೆದುಹಾಕಲಿ, ಇಲ್ಲವೆ ಹೊಸದಾಗಿ ರಚಿಸಲಿ.