ಗಾಜಿನ ಬರಣಿಯಲ್ಲಿ ನೀರಿನ ಗಿಡ ಬೆಳೆಸುವ ವಿಧಾನ



ಮೀನು ಸಾಕುವ ಗಾಜಿನ ಪೆಟ್ಟಿಗೆಗೆ ಅಕ್ವೇರಿಯಂ ಎನ್ನುತ್ತಾರೆ. ಪೇಟೆಯ ಅಂಗಡಿಗಳಲ್ಲಿ ಅದರೊಳಗೆ ಪ್ಲಾಸ್ಟಿಕ್ ಗಿಡ ಇಟ್ಟು, ಗಾಳಿಯ ಗುಳ್ಳೆ ಬಿಡುವ ಸಣ್ಣ ಮೋಟಾರು ಹಚ್ಚಿರುತ್ತಾರೆ. ನೋಡಲಿಕ್ಕೆ ಚಂದ ಇರುತ್ತದೆ. ಆದರೆ ನಮ್ಮ ಘಾಟಬೋರಾಳದಂಥ ಊರಲ್ಲಿ ಕರೆಂಟು ಹೋದರೆ ಮೋಟಾರೂ ನಿಲ್ಲುತ್ತದೆ. ಹೋದ ಬೇಸಿಗೆಯಲ್ಲಿ ನಮ್ಮ ಓಣಿಯ ಒಂದು ಮನೆಯಲ್ಲಿ ಹೀಗೇ ಆಯಿತು. ರಾತ್ರಿ ಕರೆಂಟು ಹೋಗಿತ್ತು. ಬೆಳಗಾಗುವುದರೊಳಗೆ ಎಂಟು ಮೀನುಗಳಲ್ಲಿ ಒಂದೂ ಉಳಿಯಲಿಲ್ಲ. ಆದ್ದರಿಂದ ಕರೆಂಟು ಬೇಡದ, ಹೆಚ್ಚು ರೊಕ್ಕ ಬೇಡದ ವಿಧಾನವನ್ನು ಇಲ್ಲಿ ಬರೆದಿದ್ದೇನೆ. ಅದು ಜೀವಂತ ಗಿಡಗಳ ವಿಧಾನ.

1. ಗಿಡ ನೀರಿನೊಳಗೆ ಏನು ಕೆಲಸ ಮಾಡುತ್ತದೆ?

ಬೆಳಕಿನಲ್ಲಿ ಹಸಿರು ಗಿಡ ಇಂಗಾಲದ ಡೈಆಕ್ಸೈಡನ್ನು ತೆಗೆದುಕೊಂಡು ಆಹಾರ ತಯಾರಿಸುತ್ತದೆ, ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಇದು ದ್ಯುತಿಸಂಶ್ಲೇಷಣೆ ಎಂದು ನಾವು ಪಾಠದಲ್ಲಿ ಓದಿದ್ದೇವೆ. ಹೊಲದಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ, ನೀರಿನಲ್ಲಿ ಕಾಣುತ್ತದೆ. ನಮ್ಮ ಮನೆಯ ಬರಣಿಯನ್ನು ಬಿಸಿಲಿಗೆ ಇಟ್ಟಾಗ ಗಿಡದ ಕತ್ತರಿಸಿದ ತುದಿಯಿಂದ ಮುತ್ತಿನಂಥ ಗುಳ್ಳೆಗಳು ಎಣಿಸಲಿಕ್ಕೆ ಆಗದಷ್ಟು ಬೇಗ ಏಳುತ್ತವೆ. ನೆರಳಿಗೆ ತಂದರೆ ಒಂದೊಂದಾಗಿ ಬರುತ್ತವೆ. ಬರಣಿಯ ಮೇಲೆ ಕಂಬಳಿ ಮುಚ್ಚಿದರೆ ನಿಂತೇ ಹೋಗುತ್ತವೆ.

ಈ ಗುಳ್ಳೆಗಳನ್ನು ಪರೀಕ್ಷಿಸಿ, ಗಿಡಕ್ಕೆ ಬೆಳಕು ಬೇಕೇ ಬೇಕು ಎಂದು 1779ರಲ್ಲಿ ತೋರಿಸಿದವರು ಯಾನ್ ಇಂಗೆನ್‌ಹೌಸ್ ಎಂಬ ವಿಜ್ಞಾನಿ. ಆಮೇಲೆ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಗಾಜಿನ ಪಾತ್ರೆಯಲ್ಲಿ ಎರಡು ಬಂಗಾರದ ಬಣ್ಣದ ಮೀನು, ಒಂದು ನೀರಿನ ಗಿಡ ಇಟ್ಟು ನೋಡಿದರು. ಸ್ವಲ್ಪ ದಿನಕ್ಕೆ ಹಳೆಯ ಎಲೆ ಕೊಳೆತು ನೀರು ಕದಡಿತು. ಆಗ ಅವರು ಬಸವನಹುಳುಗಳನ್ನು ಬಿಟ್ಟರು. ಹುಳು ಕೊಳೆತ ಎಲೆ ತಿಂದವು, ನೀರು ತಿಳಿಯಾಯಿತು. ಮೀನಿನ ಹೊಲಸು ಗಿಡಕ್ಕೆ ಗೊಬ್ಬರ, ಗಿಡದ ಗಾಳಿ ಮೀನಿಗೆ ಉಸಿರು. ಈ ಪ್ರಯೋಗವನ್ನು ಅವರು 1850ರಲ್ಲಿ ಪ್ರಕಟಿಸಿದರು. ಆ ಕಾಲದಲ್ಲಿ ಗಾಳಿಯ ಮೋಟಾರು ಇರಲಿಲ್ಲ ಎಂಬುದನ್ನು ಗಮನಿಸಿರಿ.

2. ಸುಲಭವಾಗಿ ಬೆಳೆಯುವ ಮೂರು ಗಿಡಗಳು

ನಮ್ಮ ಮನೆಯಲ್ಲಿ ನೀರಿನೊಳಗಿನ ಎಲ್ಲದಕ್ಕೂ ‘ಪಾಚಿ’ ಅಂತಲೇ ಅಂತಾರ. ಆದರೆ ಪಾಚಿಗೆ ಬೇರು, ಕಾಂಡ, ಎಲೆ, ಹೂವು ಇರುವುದಿಲ್ಲ. ಕೆಳಗಿನವು ಪಾಚಿ ಅಲ್ಲ, ಹೂ ಬಿಡುವ ಗಿಡಗಳು. ಮೂರೂ ನಮ್ಮ ದೇಶದ ಕೆರೆ, ಬಾವಿ, ಕಾಲುವೆಗಳಲ್ಲಿ ಬೆಳೆಯುವಂಥವು.

ಅ) ಹೈಡ್ರಿಲ್ಲಾ: ಸಣ್ಣ ಕಾಂಡದ ಸುತ್ತ ಗೆಣ್ಣು ಗೆಣ್ಣಿಗೆ ಚಕ್ರದ ಹಾಗೆ ಎಲೆಗಳಿರುತ್ತವೆ. ಎಲೆಯ ಅಂಚು ಗರಗಸದ ಹಾಗೆ ಇರುತ್ತದೆ. ನಾಲ್ಕು ಅಂಗುಲದ ತುಂಡು ಹಾಕಿದರೂ ಬದುಕುತ್ತದೆ. ಬೋರ್‌ವೆಲ್ಲಿನ ಗಡಸು ನೀರೂ ಇದಕ್ಕೆ ನಡೆಯುತ್ತದೆ.

ಆ) ವ್ಯಾಲಿಸ್ನೇರಿಯಾ: ಎಲೆಗಳು ಹಸಿರು ರಿಬ್ಬನ್ನಿನ ಹಾಗೆ ಉದ್ದ. ವಾರಿಂಗ್ಟನ್ ಇಟ್ಟದ್ದು ಇದನ್ನೇ. ಬುಡದಿಂದ ಬಳ್ಳಿ ಹರಿದು ಪಕ್ಕದಲ್ಲಿ ಮರಿಗಿಡ ಏಳುತ್ತದೆ.

ಇ) ಸೆರಟೋಫಿಲ್ಲಂ: ನರಿಯ ಬಾಲದಂತೆ ದಟ್ಟವಾಗಿರುತ್ತದೆ. ಇದಕ್ಕೆ ಬೇರೇ ಇಲ್ಲ! ನೀರಿನಲ್ಲಿ ತೇಲಲು ಬಿಟ್ಟರೆ ಸಾಕು.

ಎಚ್ಚರಿಕೆ: ಗಿಡ ತರಲಿಕ್ಕೆ ಯಾರೂ ಬಾವಿಗೆ ಇಳಿಯಬಾರದು. ಕೃಷಿ ಹೊಂಡಕ್ಕಂತೂ ಹತ್ತಿರ ಹೋಗಲೇಬಾರದು. ಅದರೊಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಒಳಗೆ ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬರುವವರೂ ಹತ್ತಲಾರರು. ಅಪ್ಪಗೋ ಕಾಕಾಗೋ ಹೇಳಿದರೆ ಒಂದು ಹಿಡಿ ಗಿಡ ತಂದು ಕೊಡುತ್ತಾರೆ.

3. ಬೇಕಾಗುವ ಸಾಮಾನುಗಳು

ಅಗಲ ಬಾಯಿಯ ಗಾಜಿನ ಬರಣಿ ಅಥವಾ ಹತ್ತು ಲೀಟರ್ ನೀರು ಹಿಡಿಯುವ ಪೆಟ್ಟಿಗೆ, ಹಳ್ಳದ ಉಸುಕು, ಒಂದು ಹಿಡಿ ಮಣ್ಣು, ನಾಲ್ಕಾರು ಸಣ್ಣ ಕಲ್ಲು, ದಾರ, ಒಂದು ತಾಟು.

4. ಮಾಡುವ ವಿಧಾನ

ಮೊದಲು ಉಸುಕನ್ನು ಐದಾರು ಸಲ ತೊಳೆಯಬೇಕು. ತೊಳೆದ ನೀರು ತಿಳಿಯಾಗುವ ತನಕ ಬಿಡಬಾರದು. ಬರಣಿಯ ತಳಕ್ಕೆ ಅರ್ಧ ಅಂಗುಲ ಮಣ್ಣು ಹಾಕಿ, ಅದರ ಮೇಲೆ ಎರಡು ಅಂಗುಲ ಉಸುಕು ಹರವಬೇಕು. ನಮ್ಮ ಬೀದರ ಜಿಲ್ಲೆಯಲ್ಲಿ ಎರಿ ಮಣ್ಣು, ಕೆಂಪು ಮಣ್ಣು ಎರಡೂ ಇವೆ. ಯಾವುದಾದರೂ ನಡೆಯುತ್ತದೆ. ಎರಿ ಮಣ್ಣು ಬೇಗ ಕದಡುವುದರಿಂದ ಅದರ ಮೇಲೆ ಉಸುಕು ಸ್ವಲ್ಪ ಹೆಚ್ಚು ಹಾಕಿರಿ. ಹೊಲಕ್ಕೆ ಹಾಕಿದ ಹಾಗೆ ಯೂರಿಯಾ, ಸಗಣಿ ಹಾಕಬಾರದು. ಹಾಕಿದರೆ ನೀರು ಹಸಿರಾಗಿ ನಾರುತ್ತದೆ, ಮೀನು ಸಾಯುತ್ತವೆ.

ನಳದ ನೀರಿಗೆ, ಬಾವಿಯ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ. ಅದಕ್ಕೆ ನೀರನ್ನು ಬಾಯಿ ತೆರೆದ ಬಕೆಟಿನಲ್ಲಿ ಒಂದು ದಿನ ಇಟ್ಟು ಆಮೇಲೆ ಹಾಕಬೇಕು. ಉಸುಕಿನ ಮೇಲೆ ತಾಟು ಇಟ್ಟು, ತಾಟಿನ ಮೇಲೆ ಮೆಲ್ಲಗೆ ನೀರು ಸುರಿದರೆ ಕೆಸರು ಏಳುವುದಿಲ್ಲ. ಬರಣಿಯ ಕುತ್ತಿಗೆ ಸಣ್ಣದಿದ್ದರೆ ಕುತ್ತಿಗೆ ತನಕ ತುಂಬಬೇಡಿರಿ. ಹೊಟ್ಟೆ ಅಗಲ ಇರುವ ಕಡೆಗೇ ನಿಲ್ಲಿಸಿರಿ. ಯಾಕಂದ್ರೆ ನೀರಿನ ಮೇಲ್ಮೈ ಅಗಲ ಇದ್ದಷ್ಟು ಹೊರಗಿನ ಗಾಳಿ ಹೆಚ್ಚು ಕರಗುತ್ತದೆ.

ತಂದ ಗಿಡವನ್ನು ಕೂಡಲೇ ಬರಣಿಗೆ ಹಾಕಬಾರದು. ನಾಲ್ಕೈದು ದಿನ ಬೇರೆ ಬಕೆಟಿನಲ್ಲಿ ಇಟ್ಟು ನೋಡಬೇಕು. ಅದರಲ್ಲಿ ಜಿಗಣೆ, ಏರೋಪ್ಲೇನ್ ಹುಳದ ಮರಿ ಇದ್ದರೆ ತೆಗೆಯಬೇಕು. ಆ ಮರಿ ಸಣ್ಣ ಮೀನನ್ನು ಹಿಡಿದು ತಿನ್ನುತ್ತದೆ. ಆಮೇಲೆ ಹೈಡ್ರಿಲ್ಲಾ ತುಂಡುಗಳನ್ನು ದಾರದಿಂದ ಕಲ್ಲಿಗೆ ಕಟ್ಟಿ ಇಳಿಸಿರಿ. ವ್ಯಾಲಿಸ್ನೇರಿಯಾದ ಬೇರು ಮಾತ್ರ ಉಸುಕಿನಲ್ಲಿರಲಿ, ಎಲೆ ಹುಟ್ಟುವ ಬುಡ ಮೇಲಿರಲಿ. ಬುಡ ಮುಚ್ಚಿದರೆ ಗಿಡ ಕೊಳೆಯುತ್ತದೆ.

ಎರಡು ವಾರ ಗಿಡ ಮಾತ್ರ ಇರಲಿ. ಹೊಸ ಚಿಗುರು ಕಂಡ ಮೇಲೆ ಮೀನು ಬಿಡಿರಿ. ಹತ್ತು ಲೀಟರಿಗೆ ಮೂರೋ ನಾಲ್ಕೋ ಗಪ್ಪಿ ಸಾಕು. ಸೊಳ್ಳೆಯ ಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ನೀರಿನ ತೊಟ್ಟಿಗಳಲ್ಲಿ ಬಿಡುವ ಮೀನು ಇದೇ. ಗಪ್ಪಿ ತತ್ತಿ ಇಡುವುದಿಲ್ಲ, ಮರಿ ಹಾಕುತ್ತದೆ. ದೊಡ್ಡ ಮೀನು ತನ್ನ ಮರಿಯನ್ನೇ ತಿನ್ನುತ್ತದೆ. ಹೈಡ್ರಿಲ್ಲಾ ದಟ್ಟವಾಗಿದ್ದರೆ ಮರಿಗಳು ಅದರೊಳಗೆ ಅಡಗಿ ಉಳಿಯುತ್ತವೆ.

5. ರಾತ್ರಿಯ ಲೆಕ್ಕ

ಇಲ್ಲಿ ಒಂದು ಮುಖ್ಯ ವಿಷಯ ಅದ. ನಮ್ಮ ಮುತ್ಯಾ, “ರಾತ್ರಿ ಹುಣಸಿ ಗಿಡದ ಬುಡಕ ಮಲಗಬ್ಯಾಡ್ರೋ” ಅಂತ ಹೇಳ್ತಾರ. ಗಿಡಗಳೂ ನಮ್ಮ ಹಾಗೆ ಹಗಲು ರಾತ್ರಿ ಉಸಿರಾಡುತ್ತವೆ. ರಾತ್ರಿ ಬೆಳಕು ಇಲ್ಲದ್ದರಿಂದ ಆಮ್ಲಜನಕ ತಯಾರಿಸುವುದು ನಿಲ್ಲುತ್ತದೆ, ತೆಗೆದುಕೊಳ್ಳುವುದು ಮಾತ್ರ ನಡೆಯುತ್ತದೆ. ಬಯಲಲ್ಲಿ ಗಾಳಿ ಬೇಕಾದಷ್ಟು ಇರುವುದರಿಂದ ನಮಗೆ ಏನೂ ಆಗುವುದಿಲ್ಲ. ಆದರೆ ಬರಣಿಯಲ್ಲಿ ನೀರು ಇರುವುದೇ ಒಂದಿಷ್ಟು. ಅದರಲ್ಲಿ ಗಿಡವೂ ಕಿಕ್ಕಿರಿದು, ಮೀನೂ ಕಿಕ್ಕಿರಿದರೆ ನಸುಕಿನ ಹೊತ್ತಿಗೆ ಆಮ್ಲಜನಕ ತೀರುತ್ತದೆ. ಬೇಸಿಗೆಯಲ್ಲಿ ಇನ್ನೂ ಕಷ್ಟ, ಯಾಕಂದ್ರೆ ಬಿಸಿ ನೀರಿನಲ್ಲಿ ತಣ್ಣೀರಿಗಿಂತ ಕಡಿಮೆ ಆಮ್ಲಜನಕ ಕರಗುತ್ತದೆ.

ಅಂದರೆ ಗಿಡ ಹಾಕಿದರೆ ಎಷ್ಟು ಮೀನಾದರೂ ಬಿಡಬಹುದು ಅಂತ ತಿಳಿಯಬಾರದು. ಗಿಡ ಸಾಕಷ್ಟು, ಮೀನು ಕಡಿಮೆ, ನೀರಿನ ಬಾಯಿ ಅಗಲ. ಈ ಮೂರೂ ಕೂಡಿದರೆ ಮಾತ್ರ ಮೋಟಾರು ಬೇಡ. ಬೆಳಿಗ್ಗೆ ಎದ್ದ ಕೂಡಲೇ ಬರಣಿ ನೋಡಿರಿ. ಮೀನು ಮೇಲೆ ಬಂದು ಬಾಯಿ ಆಡಿಸುತ್ತಿದ್ದರೆ ಸ್ವಲ್ಪ ನೀರು ತೆಗೆದು, ಇಟ್ಟ ನೀರನ್ನು ಮೇಲಿನಿಂದ ಸುರಿಯಿರಿ. ಆಮೇಲೆ ಒಂದೆರಡು ಮೀನನ್ನು ಬೇರೆ ಬರಣಿಗೆ ಹಾಕಿರಿ.

6. ದಿನದ ಆರೈಕೆ

ಮೂಡಣ ಕಿಟಕಿಯ ಹತ್ತಿರ, ಮುಂಜಾನೆಯ ಎರಡು ಮೂರು ತಾಸು ಬಿಸಿಲು ಬೀಳುವಲ್ಲಿ ಬರಣಿ ಇಡಬೇಕು. ಮಧ್ಯಾಹ್ನದ ಬಿಸಿಲು ಬೇಡ. ದಿನಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ನನ್ನ ತಮ್ಮ “ಮೀನಿಗೂ ರೊಟ್ಟಿ ಹಾಕಮು” ಅಂತಾನ. ಹಾಕಬಾರದು. ಉಳಿದ ರೊಟ್ಟಿ ತಳದಲ್ಲಿ ಕೊಳೆತು ನೀರು ಕೆಡುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿರಿ. ತೆಗೆದ ನೀರನ್ನು ಚೆಲ್ಲದೆ ತುಳಸಿಗೆ, ಮೆಣಸಿನ ಗಿಡಕ್ಕೆ ಹಾಕಿರಿ. ನೀರಿನ ಬರ ಇದ್ದಾಗಲೂ ಹೀಗೆ ಮಾಡಿದರೆ ನೀರು ಹಾಳಾಗುವುದಿಲ್ಲ. ಹಳದಿ ಎಲೆ ಕಂಡರೆ ಕಿತ್ತು ತೆಗೆಯಿರಿ.

7. ಹೆಚ್ಚಾದ ಗಿಡವನ್ನು ಏನು ಮಾಡಬೇಕು?

ಹೈಡ್ರಿಲ್ಲಾ ಬಹಳ ಬೇಗ ಬೆಳೆಯುತ್ತದೆ. ಕತ್ತರಿಸಿದ ಗಿಡವನ್ನು ಹಳ್ಳಕ್ಕೆ, ಕೆರೆಗೆ ಎಸೆಯಬಾರದು. ಕಾರಣ ಕೇಳಿರಿ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದವರು ಶ್ರೀಲಂಕಾದಿಂದ ಹೈಡ್ರಿಲ್ಲಾವನ್ನು ಅಮೆರಿಕದ ಫ್ಲಾರಿಡಾಕ್ಕೆ ಒಯ್ದರು. ಅಲ್ಲಿ ಅದು ಹೊಳೆ ಕಾಲುವೆಗಳಿಗೆ ಸೇರಿ, ದೋಣಿ ಹೋಗದಂತೆ ನೀರನ್ನೇ ಮುಚ್ಚಿತು. ಇವತ್ತಿಗೂ ಅವರು ಅದನ್ನು ತೆಗೆಯಲಿಕ್ಕೆ ಖರ್ಚು ಮಾಡುತ್ತಲೇ ಇದ್ದಾರೆ. ಅದೇ ರೀತಿ ದಕ್ಷಿಣ ಅಮೆರಿಕದ ಜಲಕುಂಭಿಯನ್ನು ಅದರ ನೇರಳೆ ಹೂವಿನ ಚಂದಕ್ಕೆ 19ನೇ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ತಂದರು. ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ಮುಚ್ಚಿದ್ದು ಆ ಗಿಡವೇ. ನಮ್ಮ ನೀರಿನ ಗಿಡ ಅಲ್ಲಿ ಕಳೆಯಾಯಿತು, ಅಲ್ಲಿಯ ಗಿಡ ಇಲ್ಲಿ ಕಳೆಯಾಯಿತು.

ಅದಕ್ಕೆ ಹೆಚ್ಚಾದ ಗಿಡವನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ತಿಪ್ಪೆಗೆ ಹಾಕಿರಿ, ಗೊಬ್ಬರವಾಗುತ್ತದೆ. ಪೇಟೆಯಿಂದ ತಂದ ಹೆಸರು ಗೊತ್ತಿಲ್ಲದ ಗಿಡವನ್ನಾಗಲಿ, ಸಾಕಲಿಕ್ಕೆ ಆಗದ ಮೀನನ್ನಾಗಲಿ ಬಸವಕಲ್ಯಾಣದ ತ್ರಿಪುರಾಂತ ಕೆರೆಗೋ ಕಾರಂಜಾ ನೀರಿಗೋ ಬಿಡಬೇಡಿರಿ. ಬೇಕಾದ ಗೆಳೆಯರಿಗೆ ಕೊಡಿರಿ.

ಪ್ರಶ್ನೆಗಳು

1. ಪಾಚಿಗೂ ಹೈಡ್ರಿಲ್ಲಾಕ್ಕೂ ಇರುವ ವ್ಯತ್ಯಾಸವೇನು?
2. ಮೀನುಗಳು ನಸುಕಿನಲ್ಲೇ ಮೇಲೆ ಬಂದು ಬಾಯಿ ಆಡಿಸುವುದು ಏಕೆ?
3. ಬಿಸಿಲಿನಲ್ಲಿ ಒಂದು ನಿಮಿಷ, ನೆರಳಿನಲ್ಲಿ ಒಂದು ನಿಮಿಷ ಗುಳ್ಳೆ ಎಣಿಸಿ ಬರೆಯಿರಿ.

ಮೂರನೆಯದಕ್ಕೆ ಉತ್ತರ ಪುಸ್ತಕದಲ್ಲಿ ಸಿಗುವುದಿಲ್ಲ, ಬರಣಿಯ ಮುಂದೆ ಕುಳಿತೇ ಬರೆಯಬೇಕು. ಬರಣಿ ಇಲ್ಲದವರು ನನಗೆ ಹೇಳಿರಿ, ನಮ್ಮ ಮನೆಯ ಹೈಡ್ರಿಲ್ಲಾದಲ್ಲಿ ಒಂದೊಂದು ತುಂಡು ಕೊಡುತ್ತೇನೆ.